ಅಜ್ಜಿಗೆ ಕಟ್ಟಿದ ಕೆಂಪು ಪಟ್ಟಿ

ನಮ್ಮ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ವಿಮಾನಕ್ಕೆ ಅಜ್ಜಿ ಅಂತ ಹೆಸರಿಟ್ಟವನು ನನ್ನ ಅಣ್ಣ. ಅವನು ಅಲ್ಲಿ ಮೆಕ್ಯಾನಿಕ್, ನಾನು ಸೀಟಿನ ಕವರು ಹೊಲಿಯುವವಳು. ಕಂಪನಿಗೆ ಬಿಡಿಭಾಗ ತರಿಸುವ ತಾಕತ್ತು ಹೋದಮೇಲೆ, ಹಾರುವ ವಿಮಾನಗಳಲ್ಲಿ ಏನು ಕೆಟ್ಟರೂ ಅಜ್ಜಿಯಿಂದ ಬಿಚ್ಚಿ ಹಾಕುತ್ತಿದ್ದರು. ಇವತ್ತು ಪಂಪು, ನಾಳೆ ಚಕ್ರ, ಆಮೇಲೊಂದು ದಿನ ಇಡೀ ಎಂಜಿನ್ನು. ಬಿಚ್ಚಿದ ಜಾಗಕ್ಕೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು. ಇಲ್ಲಿದ್ದದ್ದನ್ನು ತೆಗೆದಿದ್ದೇವೆ, ವಾಪಸ್ ಹಾಕುತ್ತೇವೆ ಅಂತ ಅದರ ಅರ್ಥ. ಆ ಪಟ್ಟಿ ಹೊಲಿಯುವವಳೂ ನಾನೇ. ಕೊನೆಕೊನೆಗೆ ಕವರಿಗಿಂತ ಪಟ್ಟಿಯನ್ನೇ ಹೆಚ್ಚು ಹೊಲಿದೆ.

"ಮೈಯೆಲ್ಲ ಕೆಂಪು. ಅಜ್ಜಿ ಮದುವಣಗಿತ್ತಿ ಥರ ಕಾಣ್ತಾಳೆ ಕಣೋ," ಅಂದೆ ಒಮ್ಮೆ ಅಣ್ಣನಿಗೆ.

"ಸುಮ್ನಿರೇ ತಾಯಿ. ಅವಳ ಮೈಮೇಲೆ ಒಂದು ಒಡವೆ ಬಿಟ್ಟಿಲ್ಲ ನಾವು."

ಅತ್ತಿಗೆ ಅದೇ ಕಂಪನಿಯ ಟಿಕೆಟ್ ಕೌಂಟರಿನಲ್ಲಿದ್ದಳು. ಒಂದು ದಿನ ಮೂವರೂ ಊಟಕ್ಕೆ ಕೂತಾಗ ಅವಳನ್ನೇ ಕೇಳಿದೆ, "ಅಲ್ಲ ಅತ್ತಿಗೆ, ವಿಮಾನ ತುಂಬಿ ತುಳುಕುತ್ತೆ. ಕಂಪನಿ ಯಾಕೆ ಮುಳುಗ್ತಿದೆ?"

"ಪಕ್ಕದ ಕಂಪನಿಯವ್ರು ಟಿಕೆಟ್ ರೇಟು ಇಳಿಸಿದ್ರು ಅಂತ ನಮ್ಮವ್ರೂ ಇಳಿಸಿದ್ರು. ಅವ್ರು ಇನ್ನೂ ಇಳಿಸಿದ್ರು, ಇವ್ರೂ ಇಳಿಸಿದ್ರು. ಎಣ್ಣೆ ಹಾಕೋನು ಇಳಿಸ್ತಾನಾ? ವಿಮಾನ ಬಾಡಿಗೆಗೆ ಕೊಟ್ಟೋನು ಇಳಿಸ್ತಾನಾ? ತುಂಬಿ ಹಾರಿದ್ರೂ ನಷ್ಟ, ಖಾಲಿ ಹಾರಿದ್ರೂ ನಷ್ಟ."

"ಹಾಗಾದ್ರೆ ನಿಲ್ಲಿಸಿಬಿಡ್ಲಿ."

"ನಿಂತ್ರೆ ಇನ್ನೂ ನಷ್ಟ ಕಣೇ!"

ಅಣ್ಣ ನಗಲಿಲ್ಲ. "ಈ ವಯಸ್ಸಲ್ಲಿ ನನ್ನನ್ನ ಬೇರೆ ಯಾರು ತಗೋತಾರೆ?" ಅಂತ ತಟ್ಟೆ ಸರಿಸಿ ಎದ್ದ.

ಆ ದಿನಗಳಲ್ಲೇ ಮ್ಯಾನೇಜರು ಶೆಡ್ಡಿಗೆ ಬಂದು ಹೇಳಿದ್ದು. ದೊಡ್ಡ ಕಂಪನಿಯವರು ನಮ್ಮನ್ನು ಕೊಳ್ಳಲು ನೋಡುತ್ತಿದ್ದಾರೆ, ಅವರು ಬರುವ ಹೊತ್ತಿಗೆ ಅಜ್ಜಿ ಎದ್ದು ಕೂರಬೇಕು. ವಿಮಾನ ಬೇಕು ಅಂದವರಿಗೆ ಮೆಕ್ಯಾನಿಕ್ಕೂ ಬೇಕಾಗುತ್ತಾನಲ್ಲ? ಅವರಿವರ ಕೈಕಾಲು ಹಿಡಿದು ಬಿಡಿಭಾಗವನ್ನೂ ತರಿಸಿಕೊಟ್ಟರು.

ಅಣ್ಣನಿಗೆ ಎಲ್ಲಿಂದ ಬಂತೋ ಆ ಹುರುಪು. ಮಂಡಿನೋವು ಅಂತ ಮೆಟ್ಟಿಲು ಹತ್ತದವನು ದಿನವಿಡೀ ಏಣಿಯ ಮೇಲೇ ಇರುತ್ತಿದ್ದ. ಒಂದೊಂದು ಭಾಗ ಕೂತಾಗಲೂ ಪಟ್ಟಿ ಬಿಚ್ಚಿ ನನ್ನ ಮಡಿಲಿಗೆ ಎಸೆಯುತ್ತಿದ್ದ. "ತಗೋ, ಒರೆಸೋ ಬಟ್ಟೆ ಮಾಡ್ಕೋ!"

ದೊಡ್ಡ ಕಂಪನಿಯವರು ಬಂದ ದಿನ ಅಜ್ಜಿಯನ್ನು ಬಯಲಿಗೆ ಎಳೆದು ಎಂಜಿನ್ನು ಚಾಲೂ ಮಾಡಿದರು. ಎದೆ ನಡುಗಿಸುವ ಸದ್ದು. ಅಣ್ಣ ಏನೋ ಕೂಗಿದ, ನನಗೆ ಕೇಳಿಸಲಿಲ್ಲ, ಅವನ ಹಲ್ಲು ಮಾತ್ರ ಕಂಡಿತು. ಅಷ್ಟರಲ್ಲಿ ಆಫೀಸಿನಿಂದ ಫೋನು, ನಿಲ್ಲಿಸಿ ಅಂತ. ನಿಲ್ಲಿಸಿದರು. ಕಾದೆವು. ಯಾರೂ ಬರಲಿಲ್ಲ.

ಸಂಜೆ ಬಂದವಳು ಅತ್ತಿಗೆ.

"ಅವ್ರು ಜನ ವಿಮಾನ ಹತ್ತೋ ಗೇಟುಗಳ ಹತ್ರಾನೇ ನಿಂತಿದ್ರು ಕಣ್ರೀ," ಅಂದಳು ಅಣ್ಣನಿಗೆ. "ನಮ್ಮ ವಿಮಾನಗಳು ಎಷ್ಟೆಷ್ಟು ಹೊತ್ತಿಗೆ ಹೊರಡ್ತವೆ ಅಂತಷ್ಟೇ ಕೇಳಿದ್ರು. ಅದೇನು ಗಲಾಟೆ, ಮಾತೇ ಕೇಳಿಸ್ತಿಲ್ಲ ಅಂದ್ರು. ಅದಕ್ಕೇ ಮ್ಯಾನೇಜರು ಫೋನ್ ಮಾಡಿದ್ದು."

"ಮತ್ತೆ ಅಜ್ಜಿ?"

"ಬೆಳಗ್ಗೆ ಹಾರೋಕೆ ಏರ್‌ಪೋರ್ಟಿನವ್ರು ನಮಗೆ ಕೊಟ್ಟಿರೋ ಹೊತ್ತು, ಗೇಟು, ಅಷ್ಟೇ ಬೇಕಂತೆ. ವಿಮಾನ ಅವ್ರ ಹತ್ರ ಬೇಕಾದಷ್ಟಿವೆಯಂತೆ."

"ಜನ?"

"ಜನಾನೂ."

ಅಜ್ಜಿಯನ್ನು ಬಿಚ್ಚಿ ಮಾರುವುದು ಅಂತಾಯಿತು. ಅದೇ ನಮ್ಮ ಕೊನೆಯ ಕೆಲಸ. ಅಣ್ಣ ಏಣಿ ಹತ್ತಿದ. ತಾನೇ ಕೂರಿಸಿದ್ದ ಪಂಪನ್ನು ಬಿಚ್ಚಿ ಕೆಳಗಿಳಿಸಿದ. ಆಮೇಲೆ ಯಾವತ್ತಿನ ಹಾಗೆ, ತಿರುಗಿ ನೋಡದೆ, ಕೈ ಹಿಂದಕ್ಕೆ ಚಾಚಿದ.

"ಪಟ್ಟಿ."

"ವಾಪಸ್ ಹಾಕೋರು ಯಾರಣ್ಣಾ?"

ಅವನು ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಗ್ರೀಸು ಮೆತ್ತಿದ ಅಂಗೈ ಹಾಗೇ ತೆರೆದಿತ್ತು.

ಚೀಲದ ತಳದಲ್ಲಿ ಹಳೆಯದೊಂದಿತ್ತು, ಗಂಟಿನ ಸುಕ್ಕು ಇನ್ನೂ ಬಿಟ್ಟಿರಲಿಲ್ಲ. ಕೊಟ್ಟೆ. ಅಣ್ಣ ಅದನ್ನು ಖಾಲಿ ಜಾಗಕ್ಕೆ ಕಟ್ಟಿ, ಬಿಚ್ಚದ ಹಾಗೆ ಇನ್ನೊಂದು ಗಂಟು ಹಾಕಿದ.