ಹಚ್ಚದೆ ಬಿಟ್ಟದ್ದು

"ದೀಪ ಆರಿಸ್ತೀನಿ ಅಜ್ಜ, ಎಡವಬೇಡಿ. ಅಲ್ಲೇ ನಿಂತ್ಕೊಳ್ಳಿ" ಎಂದಳು ಸಂಶೋಧನೆಯ ಹುಡುಗಿ.

"ಈ ಕೋಣೇಲಿ ಎಲ್ಲೆಲ್ಲಿ ಏನೇನಿದೆ ಅಂತ ನಿನಗೆ ನಾನು ಹೇಳ್ಬೇಕಮ್ಮ" ಎಂದ ಬ್ರಷ್ಷಣ್ಣ. ಹಾಗಂದು ಬಾಯಿ ಮುಚ್ಚುವ ಮೊದಲೇ ಯಾರೋ ಹೊಸದಾಗಿ ತಂದಿಟ್ಟಿದ್ದ ಕಬ್ಬಿಣದ ಸ್ಟೂಲು ಮೊಣಕಾಲಿಗೆ ಬಡಿಯಿತು.

"ಹೇಳಿದ್ರಿ ಬಿಡಿ" ಎಂದು ಅವಳು ಕತ್ತಲಲ್ಲೇ ನಕ್ಕಳು.

ಮ್ಯೂಸಿಯಮ್ಮಿನ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಆ ಕೋಣೆಯಲ್ಲಿ ಅವನು ಮೂವತ್ತೈದು ವರ್ಷ ದುಡಿದಿದ್ದ. ಸದಾ ಕೈಯಲ್ಲಿ ಬ್ರಷ್ಷು ಇರುತ್ತಿದ್ದುದರಿಂದ ಬಿದ್ದ ಹೆಸರು ಅದು. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಒಂಟಿ ಕೋಣೆಯ ಬಾಡಿಗೆ ಮನೆ, ಒಂದು ಒಲೆ, ಒಂದು ತಟ್ಟೆ. ಮಾತಾಡಬೇಕೆನಿಸಿದರೆ ಹಾಲಿನಂಗಡಿಯವನ ಹತ್ತಿರ ಎರಡು ಮಾತು. ಮೊನ್ನೆ ಈ ಹುಡುಗಿ ಬಾಗಿಲು ತಟ್ಟಿದಾಗ, ಮನೆ ತಪ್ಪಿ ಬಂದಿರಬೇಕೆಂದೇ ಅವನು ಎಣಿಸಿದ್ದ.

ನೇರಳೆ ದೀಪ ಹೊತ್ತಿಕೊಂಡಿತು. ಗೋಡೆಗೆ ಒರಗಿಸಿದ್ದ ಮೂವತ್ತೊಂದು ಚಿತ್ರಗಳು ನೀರು ಬೆರೆಸಿದ ಹಾಲು ಬಳಿದಂತೆ ಮಬ್ಬಾಗಿ ಹೊಳೆದವು. ನಡುವೆ ಒಂದು ಮಾತ್ರ ಹೊಳೆಯಲಿಲ್ಲ, ಕಪ್ಪಗೆ ಕೂತಿತ್ತು.

"ನೋಡಿದ್ರಾ? ಹೊಳೀತಿರೋದೆಲ್ಲ ಆವತ್ತು ಹಚ್ಚಿದ ಪ್ಲಾಸ್ಟಿಕ್ ವಾರ್ನಿಷ್ಷು. ಇದೊಂದಕ್ಕೆ ಹಚ್ಚೇ ಇಲ್ಲ."

ಅವಳು ಮಾಮೂಲಿ ದೀಪ ಹಾಕಿದಳು. ಉಳಿದ ಚಿತ್ರಗಳ ಆಕಾಶ, ಹೊಳೆ, ಹೆಂಗಸರ ಮುಖ ಎಲ್ಲ ಹಳದಿಗಟ್ಟಿ ಕೂತಿದ್ದವು. ವಾರ್ನಿಷ್ಷು ಕಾಣದ ಆ ಹದಿನೇಳನೆಯದರಲ್ಲಿ ಒಬ್ಬ ಗಂಡಸು ದೋಣಿಗೆ ಬಿಳಿ ಬಣ್ಣ ಹಚ್ಚುತ್ತಿದ್ದ. ಆ ಬಿಳುಪು ಈಗತಾನೆ ಒಗೆದು ಹರವಿದ ಬಟ್ಟೆಯ ಹಾಗಿತ್ತು.

ಬ್ರಷ್ಷಣ್ಣನಿಗೆ ಆ ಕೋಣೆಯ ಮುಖ್ಯಸ್ಥರಾಗಿದ್ದ ಸಾಹೇಬರ ನೆನಪಾಯಿತು. ಅವರು ಬರುವ ಮೊದಲು ಅಲ್ಲಿ ಚಿತ್ರ ಒರೆಸುತ್ತಿದ್ದುದು ಹೆಚ್ಚಿದ ಆಲೂಗಡ್ಡೆಯಿಂದ, ಒಣ ಬ್ರೆಡ್ಡಿನ ತಿರುಳಿನಿಂದ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟಿದ್ದ ಇವನನ್ನು ಸೇರಿಸಿಕೊಂಡದ್ದೇ ಆಲೂಗಡ್ಡೆ ಸುಲಿಯಲು. ಸಾಹೇಬರು ಬಂದ ಮೊದಲ ದಿನವೇ ಬುಟ್ಟಿಯನ್ನು ಹೊರಗಿಡಿಸಿದರು. "ಇದು ಲ್ಯಾಬೊರೇಟರಿ ಕಣೋ, ಅಡುಗೆಮನೆ ಅಲ್ಲ" ಎಂದು ಗುಡುಗಿ, ಸೂಕ್ಷ್ಮದರ್ಶಕ ತರಿಸಿ, ಇವನ ತಲೆ ಹಿಡಿದು ಅದರೊಳಗೆ ಬಗ್ಗಿಸಿದರು. ಒಂದು ಕೂದಲೆಳೆ ಹಗ್ಗದಷ್ಟು ದಪ್ಪ ಕಂಡಿತ್ತು. ಆಮೇಲೆ ಆ ವಾರ್ನಿಷ್ಷಿನ ಡಬ್ಬಗಳು ಬಂದವು. "ಚಿತ್ರಕ್ಕೆ ರೇನ್‌ಕೋಟು ತೊಡಿಸಿದ ಹಾಗೆ. ನೂರು ವರ್ಷ ಚಿಂತೆಯಿಲ್ಲ" ಎಂದಿದ್ದರು. ಹದಿನೈದೇ ವರ್ಷಕ್ಕೆ ಹಳದಿ ಕಾಣಿಸಿಕೊಂಡಿತು. ತೆಗೆಯಲು ಹೋದರೆ ಬಣ್ಣವೂ ಕಿತ್ತು ಬರುತ್ತಿತ್ತು. ಹೀಗೆ ಮಾಡಬಾರದು ಎಂದು ಕಲಿಸಲು ಕಾಲೇಜಿನ ಹುಡುಗರಿಗೆ ಈ ಚಿತ್ರಗಳನ್ನೇ ತೋರಿಸತೊಡಗಿದರು. ನಿವೃತ್ತಿಯ ದಿನ ಸಾಹೇಬರು ಇವುಗಳ ಮುಂದೆ ಬಹಳ ಹೊತ್ತು ನಿಂತು, "ಏನೋ ಬ್ರಷ್ಷು, ಇಬ್ಬರೂ ಸೇರಿ ಇವುಗಳ ಮೇಲೆ ಟೀ ಹುಯ್ದುಬಿಟ್ವಲ್ಲೋ" ಎಂದಿದ್ದರು. ನಕ್ಕೇ ಅಂದಿದ್ದರು. ಎರಡು ವರ್ಷದಲ್ಲಿ ತೀರಿಕೊಂಡರು.

ಹುಡುಗಿ ರಿಜಿಸ್ಟರ್ ಬಿಡಿಸಿದಳು. "ಇದು ನಿಮ್ಮ ಅಕ್ಷರ ತಾನೇ? ಪ್ರತಿ ನಂಬರಿನ ಮುಂದೆ 'ಹಚ್ಚಿದೆ' ಅಂತಿದೆ. ಹದಿನೇಳರ ಮುಂದೆ ಖಾಲಿ. ಪುಟದ ಕೆಳಗೆ ಸಾಹೇಬರ ಸಹಿ."

"ಹೂಂ."

"ಅಂದ್ರೆ ಅವರಿಗೆ ಆವತ್ತೇ ಅನುಮಾನ ಇತ್ತು ಅಜ್ಜ! ಮುಂದಿನವರು ಹೋಲಿಸಿ ನೋಡ್ಲಿ ಅಂತ ಬೇಕಂತಲೇ ಒಂದನ್ನ ಬಿಟ್ಟಿದ್ದಾರೆ. ಆ ಕಾಲದಲ್ಲಿ ಇಲ್ಲಿ ಯಾರು ಹಾಗೆ ಯೋಚಿಸ್ತಿದ್ರು ಹೇಳಿ? ನನ್ನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಇದರ ಮೇಲೆ. ಅವರ ಮಗಳಿಗೆ ಫೋನ್ ಮಾಡಿ ಹೇಳಿದೆ. ಅತ್ತುಬಿಟ್ರು ಪಾಪ. 'ಅಪ್ಪನ್ನ ಎಲ್ಲರೂ ದಡ್ಡ ಅಂದ್ರು' ಅಂತ." ಅವಳು ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟಳು. "ಆಗ ಈ ಕೋಣೇಲಿದ್ದವರಲ್ಲಿ ಈಗ ಉಳಿದಿರೋರು ನೀವೊಬ್ಬರೇ. ಏನಾಯ್ತು ಆವತ್ತು?"

ಆವತ್ತು ಏನಾಯಿತೆಂದು ನಲವತ್ತನಾಲ್ಕು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

ಮೇಲಿನ ಮಹಡಿಯಲ್ಲಿ ಟೈಪು ಹೊಡೆಯುವ ಒಬ್ಬಳಿದ್ದಳು. ಸಾಹೇಬರ ವರದಿಗಳನ್ನು ಹೊತ್ತೊಯ್ಯುವವನು ಇವನೇ. ಚಿತ್ರಕ್ಕೆ ಹಚ್ಚುವ ಔಷಧಿಗಳ ಹೆಸರನ್ನು ಇವನು ಓದಿ ಹೇಳಬೇಕು, ಅವಳು ಹೊಡೆಯಬೇಕು. "ನೀವು ಹೇಳೋ ಔಷಧಿ ಇನ್ನೂ ಹುಟ್ಟೇ ಇಲ್ಲ ಕಣ್ರೀ" ಎಂದು ನಗುತ್ತಿದ್ದಳು. ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ, ಮೆಷಿನ್ನಿನ ಮೇಲಿಂದ ಕಣ್ಣೆತ್ತದೆ, "ನಾಳೆ ನಾಲ್ಕು ಗಂಟೆ ಗಾಡಿ. ಹೇಳೋದೇನಾದ್ರೂ ಇದ್ರೆ ಸ್ಟೇಷನ್ನಿಗೆ ಬನ್ನಿ. ಇಲ್ಲದಿದ್ರೆ ಬೇಡ" ಎಂದಳು.

ಮಾರನೆಯ ದಿನ ಹದಿನೇಳನೆಯ ಚಿತ್ರ ಮೇಜಿನ ಮೇಲಿತ್ತು. ಮೂರೂಕಾಲಿಗೆ ಅವನು ಡಬ್ಬದ ಮುಚ್ಚಳ ಮುಚ್ಚಿ, ಯಾರಿಗೂ ಹೇಳದೆ ಹಿಂಬಾಗಿಲಿನಿಂದ ಓಡಿದ. ಗಾಡಿ ಇನ್ನೂ ನಿಂತಿತ್ತು. ಮೂರನೇ ಡಬ್ಬಿಯ ಕಿಟಕಿಯಲ್ಲಿ ಅವಳಿದ್ದಳು, ಅತ್ತಿತ್ತ ನೋಡುತ್ತಿದ್ದಳು. ಅವನು ನೀರಿನ ನಲ್ಲಿಯ ಹಿಂದೆ ನಿಂತು ತನ್ನ ಅಂಗಿ ನೋಡಿಕೊಂಡ, ವಾರ್ನಿಷ್ಷು ಅಂಟಿದ ಉಗುರು ನೋಡಿಕೊಂಡ. ಎರಡು ಹೆಜ್ಜೆ ಮುಂದಿಟ್ಟು, ಮತ್ತೆ ನಲ್ಲಿಯ ಹಿಂದಕ್ಕೇ ಸರಿದ. ಗಾಡಿ ಹೊರಟಿತು. ಬೆಳಿಗ್ಗೆ ಕೆಲಸಕ್ಕೆ ಬಂದಾಗ ಆಳುಗಳು ಹದಿನೇಳನ್ನು ಒಣಗಿದವುಗಳ ಜೊತೆ ಒಳಗಿಟ್ಟು, ಹದಿನೆಂಟನ್ನು ಮೇಜಿಗೆ ತಂದಿದ್ದರು. ಬಿಟ್ಟುಹೋಗಿದೆ ಎಂದರೆ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ ಖಾಲಿ ಬಿಟ್ಟು, ಹದಿನೆಂಟಕ್ಕೆ ಹಚ್ಚತೊಡಗಿದ. ಸಾಹೇಬರು ಪುಟ ನೋಡದೆ ಸಹಿ ಹಾಕಿದರು.

ಈಗ ಬಾಯಿಬಿಟ್ಟರೆ ಆ ಮಧ್ಯಾಹ್ನವೊಂದಿತ್ತು ಎಂದು ಇನ್ನೊಂದು ಜೀವಕ್ಕಾದರೂ ತಿಳಿಯುತ್ತಿತ್ತು. ಸಾಹೇಬರು ಮಾತ್ರ ಮತ್ತೆ ಟೀ ಹುಯ್ದವರೇ ಆಗುತ್ತಿದ್ದರು.

"ಅಜ್ಜ?"

"ಸಾಹೇಬರೇ ಬಿಡು ಅಂದ್ರಮ್ಮ" ಎಂದ ಬ್ರಷ್ಷಣ್ಣ. ಒಮ್ಮೆ ಕೆಮ್ಮಿಕೊಂಡ. "'ಒಂದು ಹಾಗೇ ಇರ್ಲಿ ಕಣೋ, ನಾಳೆ ಬರೋರು ನೋಡ್ಲಿ' ಅಂದ್ರು."

"ಅಯ್ಯೋ, ಹೀಗೇ ಅಂದ್ರಾ? ಇದೇ ಮಾತು?"

"ಇದೇ ಮಾತು."

"ಅವರು ಅಂದಾಗ ನೀವು ಎಲ್ಲಿದ್ರಿ?"

"ಇಲ್ಲೇ ಇದ್ದೆ" ಎಂದ ಅವನು. "ನಾನು ಇನ್ನೆಲ್ಲಿಗೆ ಹೋಗ್ತೀನಿ?"

ಅವಳು ಅವನ ಎರಡೂ ಕೈ ಹಿಡಿದು ಅಲುಗಿಸಿದಳು. ಪುಸ್ತಕಕ್ಕೆ ಒಂದು ಫೋಟೋ ಬೇಕೇ ಬೇಕೆಂದು ಅವನನ್ನು ಚಿತ್ರದ ಪಕ್ಕ ನಿಲ್ಲಿಸಿ, ಹಿಂದೆ ಹಿಂದೆ ಹೋಗಿ ಫೋನೆತ್ತಿ ಹಿಡಿದಳು. ಬ್ರಷ್ಷಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಸ್ವಲ್ಪ ಸರೀರಿ ಅಜ್ಜ, ದೋಣಿ ಮುಚ್ಚಿಹೋಗ್ತಿದೆ."

ಅವನು ಸರಿದ.

"ಇನ್ನೂ ಸ್ವಲ್ಪ. ನೆರಳು ಬೀಳ್ತಿದೆ."

ಅವನು ಮತ್ತೆ ಸರಿದ. ಬೆನ್ನಿಗೆ ಬಾಗಿಲಿನ ಚೌಕಟ್ಟು ತಾಗಿತು.

"ಹಾಂ, ಈಗ ಚೆನ್ನಾಗಿ ಬರ್ತಿದೆ" ಎಂದಳು ಹುಡುಗಿ. "ಅಲ್ಲಾಡ್ಬೇಡಿ."

ಅವನು ಉಸಿರು ಹಿಡಿದು ನಿಂತ.