ಎರಡು ಮಾತ್ರೆಯ ಶನಿವಾರ

ನನಗೆ ಬಾಯಿ ಜೋರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ನಾನೇ ಮೊದಲು ಹೇಳಿಬಿಡುತ್ತೇನೆ. ತಮಿಳುನಾಡಿನ ಪಾಲಕೋಡಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ನಾಲ್ಕು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಬಿಪಿ ಶುಗರ್ ನೋಡಿ, ಸರ್ಕಾರದ ಮಾತ್ರೆ ಕೊಟ್ಟು ಬರುವುದು ನನ್ನ ಕೆಲಸ. ಶಾಲೆಯ ದಾಖಲೆಯಲ್ಲಿ ನಾನು ಕಲೈವಾಣಿ. ಊರವರ ಬಾಯಲ್ಲಿ ಮಾತ್ರೆ ವಾಣಿ.

ಬಾಯಿ ಜೋರಿಲ್ಲದಿದ್ದರೆ ಈ ಕೆಲಸ ನಡೆಯುವುದೂ ಇಲ್ಲ. ನಮ್ಮವರು ಕುರಿ ಸಾಕಿದವರು. ಒಂದು ಬಾಟಲಿ ಔಷಧಿ ತಂದರೆ ಇಡೀ ಮಂದೆಗೆ ಕುಡಿಸಿ ಅಭ್ಯಾಸ. ಗಂಡನಿಗೆ ಕೊಟ್ಟ ಬಿಪಿ ಮಾತ್ರೆಯನ್ನು ಹೆಂಡತಿಗೂ ಅರ್ಧ ಮುರಿದು ಕೊಡುತ್ತಾರೆ, ತಲೆ ಸುತ್ತು ಅಂದ ನಾದಿನಿಗೂ ಒಂದು ಚೂರು ಕೊಡುತ್ತಾರೆ. ಬಿಪಿ ಸರಿ ಇದೆ ಅಂತ ನಾನು ಹೇಳಿದ ಮರುದಿನವೇ ಮಾತ್ರೆ ನಿಲ್ಲಿಸುತ್ತಾರೆ. ಕೇಳಿದರೆ, "ನೀನೇ ಸರಿ ಐತೆ ಅಂದ್ಯಲ್ಲ" ಅನ್ನುತ್ತಾರೆ. ಮಾತ್ರೆ ನುಂಗಿದ್ದರಿಂದಲೇ ಸರಿ ಇದೆ ಕಣ್ರೋ ಅಂತ ನಾನು ಗಂಟಲು ಹರಿದುಕೊಳ್ಳುತ್ತೇನೆ.

ಹೀಗೆ ಗಂಟಲು ಹರಿದುಕೊಂಡೇ ನಾನು ಚಿನ್ನಕ್ಕನನ್ನು ಸಾವಿನ ಬಾಗಿಲವರೆಗೆ ಕಳಿಸಿದ್ದು.

ಚಿನ್ನಕ್ಕನಿಗೆ ಐವತ್ತೈದು ಇರಬಹುದು. ಹೊರಗಿನ ಊರಲ್ಲಿ ದುಡಿಯುವ ಮಗ ಮಾದೇಶ, ಸೊಸೆ ಪುಷ್ಪಾ, ಇಪ್ಪತ್ತು ಕುರಿ, ಒಂದು ತುಂಡು ಟೊಮೇಟೊ ತೋಟ. ಗಂಡ ಇದ್ದ ಕಾಲದಲ್ಲಿ ಪುರಟಾಸಿ ತಿಂಗಳ ಶನಿವಾರ ಬಂತೆಂದರೆ ಅವಳ ಮೈಮೇಲೆ ತಿಮ್ಮರಾಯಸ್ವಾಮಿ ಬರುತ್ತಿದ್ದ. ಅಕ್ಕಪಕ್ಕದ ಊರಿನಿಂದ ಜನ ಬಂದು ಮಗಳ ಮದುವೆ, ಬೋರಿನ ನೀರು, ಕಳೆದುಹೋದ ಟಗರು ಎಲ್ಲದಕ್ಕೂ ಅವಳ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಗಂಡ ತೀರಿಹೋಗಿ ಎಂಟು ವರ್ಷ ಆಯಿತು. ಅಲ್ಲಿಂದ ಸ್ವಾಮಿ ಬರಲಿಲ್ಲ. ತಾಳಿ ತೆಗೆದ ಮೈಗೆ ಸ್ವಾಮಿ ಬರುವುದಿಲ್ಲ ಅಂತ ಅವಳ ಗಂಡನ ಅಣ್ಣ ಮುನಿವೆಂಕಟಪ್ಪ ತೀರ್ಪು ಕೊಟ್ಟ. ಅವತ್ತಿನಿಂದ ಪೂಜೆಯ ದಿನ ಅವಳು ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಆಸ್ಪತ್ರೆಯಲ್ಲಿ ಎರಡು ಬಗೆಯ ಮಾತ್ರೆ ಬರೆದರು. ಅದರಲ್ಲಿ ಚಿಕ್ಕದನ್ನು ಬೆಳಿಗ್ಗೆ ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು.

ಈ ಸಲದ ಪುರಟಾಸಿ ಮೊದಲ ಶನಿವಾರ ಕಳೆದು ಸೋಮವಾರ ಅವರ ಮನೆಗೆ ಹೋದೆ. ಚಿಕ್ಕ ಮಾತ್ರೆಯ ಪಟ್ಟಿಯಲ್ಲಿ ಒಂದು ಹೆಚ್ಚು ಉಳಿದಿತ್ತು.

"ಇದ್ಯಾಕೆ ಉಳೀತು ಚಿನ್ನಕ್ಕ?"

"ಶನಿವಾರ ಉಪಾಸ ಅಲ್ವೇನವ್ವ. ಸಾಮಿಗೆ ತಳಿಗೆ ಎಡೆ ಇಟ್ಟು ಪೂಜೆ ಆಗೋಗಂಟ ಬಾಯಿಗೆ ಏನೂ ಆಕಂಗಿಲ್ಲ. ಮಾತ್ರೆನೂ ಬ್ಯಾಡ ಅಂತ ಬಿಟ್ಟೆ."

ಅವತ್ತು ಬಿಸಿಲಿತ್ತು, ಸಾಲದ್ದಕ್ಕೆ ಹಿಂದಿನ ಮನೆಯಲ್ಲಿ ಒಬ್ಬ ನನ್ನ ಜೊತೆ ಜಗಳ ಆಡಿದ್ದ. ಆ ಸಿಟ್ಟನ್ನೂ ಸೇರಿಸಿ ಇವಳ ಮೇಲೆ ಹಾಕಿದೆ. ಆಕಾಶ ಕಳಚಿ ಬಿದ್ದರೂ ಒಂದು ದಿನವೂ ಮಾತ್ರೆ ಬಿಡಬಾರದು, ಮುಂದಿನ ಸಲ ಬರುವಾಗ ಒಂದೇ ಒಂದು ಹೆಚ್ಚಿಗೆ ಉಳಿದಿದ್ದರೂ ಇನ್ನು ಈ ಮನೆ ಹೊಸಿಲು ತುಳಿಯುವುದಿಲ್ಲ ಅಂದೆ. ಚಿನ್ನಕ್ಕ ತಲೆ ಬಗ್ಗಿಸಿಕೊಂಡು, "ಇಲ್ಲ ಕಣವ್ವ, ಇನ್ಮೇಲೆ ಬಿಡಾಕಿಲ್ಲ" ಅಂದಳು. ಮುಂದಿನ ಶನಿವಾರ ಉಪವಾಸದ ದಿನ ಏನು ಮಾಡುತ್ತೀಯ ಅಂತ ನಾನು ಕೇಳಲೇ ಇಲ್ಲ. ಗದರಿಸಿದ ಖುಷಿಯಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ.

ಎರಡನೇ ಶನಿವಾರ ಹನ್ನೊಂದು ಗಂಟೆಗೆ ಅವರ ಮನೆಯಿಂದ ನನಗೂ ಊಟಕ್ಕೆ ಕರೆ ಇತ್ತು. ಪಕ್ಕದ ಬೀದಿಯಲ್ಲಿ ಎರಡು ಮನೆ ನೋಡಿ ಮುಗಿಸಿ, ಕೆಲಸದ ಚೀಲದ ಸಮೇತ ಹೋದೆ. ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ "ಗೋವಿಂದಾ" ಅನ್ನುವ ಕೂಗು. ಬಾಗಿಲಲ್ಲಿ ಜನ. ಒಬ್ಬಳು ನನ್ನ ಕೈ ಹಿಡಿದು, "ಚಿನ್ನಕ್ಕಂಗೆ ಸಾಮಿ ಬಂದೈತೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಚಿನ್ನಕ್ಕ ನಡುಮನೆಯಲ್ಲಿ ಕೂತಿದ್ದಳು. ಗೋಡೆ ಪಕ್ಕದಲ್ಲಿ ಅಲ್ಲ, ನಡುವೆ, ಸ್ವಾಮಿಯ ಪಟದ ಎದುರಿಗೆ. ಹಣೆ ತುಂಬ ಕುಂಕುಮ ಇಟ್ಟಿದ್ದರು, ಕೊರಳಿಗೆ ತುಳಸಿಮಾಲೆ ಹಾಕಿದ್ದರು. ಕೈಕಾಲು ನಡುಗುತ್ತಿತ್ತು. ಬಾಯಲ್ಲಿ ಏನೋ ತೊದಲುತ್ತಿದ್ದಳು. ಮುನಿವೆಂಕಟಪ್ಪ, ಎಂಟು ವರ್ಷ ಅವಳ ಮುಖ ನೋಡಿ ಮಾತಾಡದ ಮುನಿವೆಂಕಟಪ್ಪ, ಅವಳ ಪಾದದ ಮೇಲೆ ತಲೆ ಇಟ್ಟು ಅಳುತ್ತಿದ್ದ.

"ಎಂಟು ವರ್ಸ ಎಲ್ಲಿಗ್ ಓಗಿದ್ದೆ ಸಾಮಿ? ನಾವೇನ್ ತಪ್ಪು ಮಾಡ್ದೋ ಏಳು."

ನನಗೂ ಮೈ ಜುಮ್ಮೆಂದಿತು. ಸುಳ್ಳು ಹೇಳುವುದಿಲ್ಲ, ನಾನೂ ಕೈಮುಗಿದೆ. ಆಮೇಲೆ ಅವಳ ರವಿಕೆ ನೋಡಿದೆ. ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ. ಪಾದ ಮುಟ್ಟುವ ನೆವದಲ್ಲಿ ಮುಟ್ಟಿದೆ, ತಣ್ಣಗಿತ್ತು. ಕಣ್ಣು ನನ್ನ ಕಡೆಗಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ನಮಗೆ ತರಬೇತಿಯಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿಸಿದ್ದರು: ತಣ್ಣನೆ ಬೆವರು, ನಡುಕ, ತೊದಲು, ಮಂಪರು. ಶುಗರ್ ಇಳಿದುಹೋದರೆ ಹೀಗಾಗುತ್ತದೆ.

ಚೀಲದಿಂದ ಶುಗರ್ ನೋಡುವ ಮೆಷಿನ್ ತೆಗೆದು ಅವಳ ಬೆರಳಿಗೆ ಚುಚ್ಚಿದೆ. ಮುನಿವೆಂಕಟಪ್ಪ ಸಿಡಿದೆದ್ದ.

"ಸಾಮಿ ಮೈಯಾಗೆ ರಕ್ತ ತೆಗೀತೀಯಾ? ಬುದ್ಧಿ ಐತಾ ನಿಂಗೆ?"

ಮೆಷಿನ್ನಲ್ಲಿ ನಲವತ್ತೊಂದು ಅಂತ ಬಂತು. ಸಿಹಿ ಏನಾದರೂ ಇದೆಯೇ ಅಂತ ನಾನು ಸುತ್ತ ಕಣ್ಣಾಡಿಸಿದೆ. ಪಕ್ಕದಲ್ಲೇ ನಿಂತು ನೋಡಿದ ಪುಷ್ಪಾ ಮಾತ್ರ ಕುಣಿದುಬಿಟ್ಟಳು.

"ನಲವತ್ತೊಂದಾ! ಯಾವಾಗ್ಲೂ ಇನ್ನೂರಕ್ಕೆ ಮ್ಯಾಲೆ ಇರೋದು. ಸಾಮಿ ಬಂದು ಅತ್ತೆ ಕಾಯಿಲೆನೇ ತಗಂಡೋದ ಅಕ್ಕ!"

"ಪುಷ್ಪಾ, ಇಷ್ಟು ಇಳಿದ್ರೆ ಜೀವ ಓಯ್ತದೆ. ಬೇಗ ಸಕ್ಕರೆ ತಾ."

"ಶುಗರ್ ಇರೋರ್ಗೆ ಸಕ್ಕರೆನಾ?" ಪುಷ್ಪಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ನೀನೇ ಅಲ್ವಾ ಅಕ್ಕ, ಸಕ್ಕರೆ ಅತ್ತೆ ಕಣ್ಣಿಗೂ ಬೀಳಬಾರ್ದು ಅಂದಿದ್ದು? ನಾನು ಡಬ್ಬಿನ ಟ್ರಂಕಲ್ಲಿಟ್ಟು ಬೀಗ ಆಕಿದೀನಿ."

ಅದೂ ನಿಜ. ಅಂದಿದ್ದು ನಾನೇ. ಇನ್ನೂರು ಇದ್ದಾಗ ಅಂದ ಮಾತು ನಲವತ್ತಕ್ಕೆ ಆಗುವುದಿಲ್ಲ ಅಂತ ಪಾಪ ಆ ಹುಡುಗಿಗೆ ಯಾರು ಹೇಳಿದ್ದರು? ವಿವರಿಸಿ ಒಪ್ಪಿಸಲು ಹೊತ್ತಿರಲಿಲ್ಲ. ಚಿನ್ನಕ್ಕನ ಕತ್ತು ಒಂದು ಕಡೆಗೆ ವಾಲುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೋದರೆ ನುಂಗುವ ಶಕ್ತಿಯೂ ಇರುವುದಿಲ್ಲ, ಆಗ ಬಾಯಿಗೆ ಏನು ಹಾಕಿದರೂ ಉಸಿರಿಗೆ ಅಡ್ಡ ಆಗುತ್ತದೆ. ನಾನು ಜೋರುಬಾಯಿ ಬಿಟ್ಟು ಬೇರೆ ದಾರಿ ಹಿಡಿದೆ. ಚಿನ್ನಕ್ಕನ ಮುಂದೆ ಮಂಡಿಯೂರಿ ಕೈಮುಗಿದು, ಮನೆಯೆಲ್ಲ ಕೇಳುವ ಹಾಗೆ ಹೇಳಿದೆ.

"ಸಾಮಿ, ಅಷ್ಟು ದೂರದಿಂದ ಬಂದಿದೀಯ, ದಣಿದಿದೀಯ. ಪಾನಕ ತಗಂತೀಯಾ?"

ಚಿನ್ನಕ್ಕನ ತಲೆ ಆಡಿತು. ಅದು ನಡುಕವೋ ಒಪ್ಪಿಗೆಯೋ ಆ ದೇವರಿಗೇ ಗೊತ್ತು. ಮುನಿವೆಂಕಟಪ್ಪ ಮಾತ್ರ, "ಸಾಮಿ ಪಾನಕ ಕೇಳ್ತಾವ್ನೆ! ತರ್ರೋ!" ಅಂತ ಕೂಗಿದ. ಪೊಂಗಲಿಗೆ ಕುಟ್ಟಿಟ್ಟಿದ್ದ ಬೆಲ್ಲವನ್ನು ಪುಷ್ಪಾನೇ ಚೊಂಬಿನಲ್ಲಿ ಕರಗಿಸಿ ಓಡಿಬಂದಳು. ಸೊಸೆ ಅತ್ತೆಗೆ ಕೊಡಬಾರದ ಸಿಹಿಯನ್ನು ಸ್ವಾಮಿಗೆ ಕೊಡಬಹುದು. ನಾನು ಚಿನ್ನಕ್ಕನ ಬೆನ್ನಿಗೆ ಆಸರೆಯಾಗಿ ಕೂತು ಗುಟುಕು ಗುಟುಕಾಗಿ ಕುಡಿಸಿದೆ. ಒಂದೊಂದು ಗುಟುಕೂ ಗಂಟಲಲ್ಲಿ ಇಳಿಯಿತೇ ಅಂತ ನೋಡಿ ಇನ್ನೊಂದು ಕೊಟ್ಟೆ. ಮಧ್ಯೆ ಫೋನ್ ತೆಗೆದು ನೂರೆಂಟಕ್ಕೆ ಹೇಳಿದೆ.

ಕಾಲು ಗಂಟೆ ಆಗುವಷ್ಟರಲ್ಲಿ ನಡುಕ ನಿಂತಿತು. ಮತ್ತೆ ಚುಚ್ಚಿ ನೋಡಿದೆ, ಶುಗರ್ ಎಪ್ಪತ್ತೆಂಟಕ್ಕೆ ಬಂದಿತ್ತು. ಚಿನ್ನಕ್ಕ ಸುತ್ತ ನೋಡಿ, ನಡುಮನೆಯಲ್ಲಿ ತಾನು ಕೂತಿರುವುದು ನೋಡಿ ಗಾಬರಿಯಾಗಿ, ಬಾಗಿಲ ಪಕ್ಕಕ್ಕೆ ಸರಿಯಲು ಹೋದಳು.

"ಸಾಮಿ ಮೈಬಿಟ್ಟು ಮಲೆ ಏರ್ದ," ಅಂತ ಮುನಿವೆಂಕಟಪ್ಪ ಕರ್ಪೂರ ಹಚ್ಚಿದ.

ಆಂಬುಲೆನ್ಸ್ ಬಂತು. ಯಾರೂ ಅವಳನ್ನು ಕಳಿಸಲು ಒಪ್ಪಲಿಲ್ಲ. ಸ್ವಾಮಿ ಬಂದು ಹೋದ ಮೈ, ಇವತ್ತು ಹೊಸಿಲು ದಾಟಬಾರದು. ನೋಡು ಚೆನ್ನಾಗೇ ಕೂತಿದ್ದಾಳೆ, ಆಸ್ಪತ್ರೆ ಯಾಕೆ? ನಾನು ಪುಷ್ಪಾಳನ್ನು ಪಕ್ಕಕ್ಕೆ ಕರೆದು ಬೆಳಿಗ್ಗೆ ಮಾತ್ರೆ ತೆಗೆದುಕೊಂಡಳಾ ಅಂತ ಕೇಳಿದೆ.

"ಚಿಕ್ಕದು ಎರಡು ತಗಂಡ್ರು ಅಕ್ಕ. ಓದ್ವಾರದ್ದು ಬಿಟ್ಟೋಗಿತ್ತಲ್ಲ, ಅದನ್ನೂ ಸೇರ್ಸಿ. ಅರಕೆ ಒಂದ್ ವರ್ಸ ತಪ್ಪಿದ್ರೆ ಮುಂದಿನ ವರ್ಸ ಎರಡರಷ್ಟು ತೀರಿಸ್ತೀವಲ್ಲ, ಅಂಗೆ. ನೀನು ಬಂದಾಗ ಒಂದೂ ಉಳಿದಿರಬಾರ್ದು ಅಂತ."

ರಾತ್ರಿಯಿಂದ ಖಾಲಿ ಹೊಟ್ಟೆ, ಅದರ ಮೇಲೆ ಎರಡು ಮಾತ್ರೆ. ಆ ಮಾತ್ರೆಯ ಕೆಲಸ ಸಂಜೆಯವರೆಗೂ ನಡೆಯುತ್ತದೆ. ಬೆಲ್ಲದ ಬಲ ಅಷ್ಟು ಹೊತ್ತು ನಿಲ್ಲುವುದಿಲ್ಲ. ಈಗ ಕಳಿಸದಿದ್ದರೆ ಮತ್ತೆ ಇಳಿಯುತ್ತದೆ, ಆಗ ನಾನು ಇಲ್ಲಿರುವುದಿಲ್ಲ. ಕಳಿಸಬೇಕಾದರೆ ಬಂದದ್ದು ಸ್ವಾಮಿಯಲ್ಲ ಅಂತ ಹೇಳಬೇಕು. ಅಷ್ಟೇ ಸಾಲದು, ಬರಿಸಿದ್ದು ಯಾರು ಅಂತಲೂ ಹೇಳಬೇಕು. ನಾಳೆಯಿಂದ ನಾಲ್ಕು ಹಳ್ಳಿಯಲ್ಲಿ ನನ್ನ ಕೈಯಿಂದ ಯಾರು ಮಾತ್ರೆ ತೆಗೆದುಕೊಳ್ಳುತ್ತಾರೆ ಅನ್ನುವ ಭಯ ಬಂತು. ನನ್ನ ಕೆಲಸ ಹೋದೀತು ಅನ್ನುವ ಭಯವೂ ಬಂತು. ಆದರೂ ಹೇಳಿದೆ.

"ದೊಡ್ಡಪ್ಪ, ಇದು ಸಾಮಿ ಅಲ್ಲ. ಮಾತ್ರೆ. ಒಂದೂ ಉಳಿಸ್ಬ್ಯಾಡ ಅಂತ ನಾನು ಎದರಿಸಿದ್ದಕ್ಕೆ ಅವಳು ಉಣ್ಣದೆ ಎರಡು ನುಂಗವ್ಳೆ. ಉಪಾಸದ ದಿನ ಏನ್ಮಾಡ್ಬೇಕು ಅಂತ ನಾನು ಏಳ್ಲಿಲ್ಲ. ತಪ್ಪು ನಂದು. ನಂಗೆ ಏನು ಬೇಕಾದ್ರೂ ಮಾಡಿ, ಅವಳ್ನ ಮಾತ್ರ ಕಳಿಸಿ."

ಮುನಿವೆಂಕಟಪ್ಪನ ಮುಖ ಕೆಂಪಾಯಿತು.

"ಅಂಗಾದ್ರೆ ಇಷ್ಟೊತ್ತು ನಾನು ಕಾಲಿಗೆ ಬಿದ್ದಿದ್ದು ಯಾರ್ಗೆ?"

"ನಿನ್ ತಮ್ಮನ ಹೆಂಡ್ತಿಗೆ. ಬಿದ್ರೆ ಏನಾಯ್ತು?"

ಅಷ್ಟು ಹೊತ್ತಿನಲ್ಲೂ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಅವನು ಕೈ ಎತ್ತಿದ. ಪುಷ್ಪಾ ನಡುವೆ ಬಂದು, "ದೊಡ್ಮಾವ, ಅತ್ತೆಗೆ ಏನಾರ ಆದ್ರೆ ನಾನು ನಿಮ್ಮನ್ನ ಬಿಡಾಕಿಲ್ಲ" ಅಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾವಿಬ್ಬರೂ ಸೇರಿ ಚಿನ್ನಕ್ಕನನ್ನು ಎಬ್ಬಿಸಿ ಆಂಬುಲೆನ್ಸ್ ಹತ್ತಿಸಿದೆವು.

ಸಾಯಂಕಾಲ ನಾಲ್ಕಕ್ಕೆ ಆಸ್ಪತ್ರೆಯ ಹಾಸಿಗೆಯ ಮೇಲೆ ಅವಳ ಶುಗರ್ ಮತ್ತೆ ಐವತ್ತೆರಡಕ್ಕೆ ಇಳಿಯಿತು. ಡ್ರಿಪ್ ಹಾಕಿ ಏರಿಸಿದರು. ಡಾಕ್ಟರಮ್ಮ ಎಲ್ಲ ಕೇಳಿ, ಒಂದು ಹೊತ್ತಿನ ಮಾತ್ರೆ ಮರೆತರೆ ಮರೆತದ್ದೇ, ಅದನ್ನು ಇನ್ನೊಂದು ದಿನದ್ದಕ್ಕೆ ಸೇರಿಸಬಾರದು, ಉಪವಾಸ ಇರುವುದಾದರೆ ಮೊದಲೇ ನಮ್ಮನ್ನು ಕೇಳಬೇಕು, ಊಟ ಇಲ್ಲದೆ ಈ ಚಿಕ್ಕ ಮಾತ್ರೆ ಮುಟ್ಟಬಾರದು ಅಂತ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಚಿನ್ನಕ್ಕನಿಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ನನಗೆ ಹೇಳಿದರು. ನಾನು ತಲೆ ಬಗ್ಗಿಸಿಕೊಂಡು ಕೇಳಿದೆ.

ಮರುದಿನ ಬೆಳಿಗ್ಗೆ ಚಿನ್ನಕ್ಕ ಇಡ್ಲಿ ತಿನ್ನುತ್ತ ಕೇಳಿದಳು.

"ಅಂಗಾದ್ರೆ ಬಂದಿದ್ದು ಅವನಲ್ವಾ ವಾಣಿ?"

ಅವನೇ ಅಂದುಬಿಡೋಣ ಅನ್ನಿಸಿತು. "ಅಲ್ಲ ಚಿನ್ನಕ್ಕ" ಅಂದೆ.

"ನಂಗೆ ಎಲ್ಲಾ ಗ್ಯಾಪ್ಕ ಇಲ್ಲ. ಎಲ್ರೂ ನನ್ ಮೊಕಾನೇ ನೋಡ್ತಿದ್ರು, ಅಷ್ಟು ಗ್ಯಾಪ್ಕ ಐತೆ. ಯಜಮಾನ್ರು ಓದ್ಮೇಲೆ ಯಾರವ್ವ ನನ್ ಮೊಕ ನೋಡ್ದೋರು?" ಇಡ್ಲಿ ಮುರಿಯುತ್ತ ಮೆಲ್ಲಗೆ ಕೇಳಿದಳು, "ಬರೋ ಶನಿವಾರ ಉಣ್ಣದೆ ನುಂಗಿದ್ರೆ ಇನ್ನೊಂದ್ ಸಲ ಅಂಗೆ ಆಯ್ತದಾ?"

ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು. ಪುಷ್ಪಾ ಅತ್ತೆಯ ಕೈ ಹಿಡಿದುಕೊಂಡು, "ನಮ್ಗೆ ಸಾಮಿ ಬ್ಯಾಡ ಅತ್ತೆ, ನೀವು ಬೇಕು" ಅಂದಳು. ಚಿನ್ನಕ್ಕ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಆ ವಾರವೆಲ್ಲ ನನಗೆ ಅದೇ ಚಿಂತೆ. ಮಾತ್ರೆ ಪುಷ್ಪಾಳ ವಶಕ್ಕೆ ಕೊಟ್ಟಿದ್ದೆ, ಆದರೂ ಧೈರ್ಯ ಸಾಲಲಿಲ್ಲ. ಮೂರನೇ ಶನಿವಾರ ಬೆಳಿಗ್ಗೆ ಏಳಕ್ಕೇ ಹೋದೆ. ಮುನಿವೆಂಕಟಪ್ಪ ಪಟಕ್ಕೆ ಹೂ ಮುಡಿಸುತ್ತಿದ್ದ, ನನ್ನನ್ನು ನೋಡಿ ಆ ಕಡೆ ತಿರುಗಿಕೊಂಡ. ಪುಷ್ಪಾ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಡಿಸಿಕೊಂಡು ನಿಂತಿದ್ದಳು. ಸ್ವಾಮಿಗೆ ತಳಿಗೆ ಇಡುವ ಮೊದಲು ಆ ಮನೆಯಲ್ಲಿ ಯಾರೂ ಉಂಡವರಿಲ್ಲ.

ಚಿನ್ನಕ್ಕ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳು ತಟ್ಟೆ ತೆಗೆದುಕೊಂಡು ಹೋಗಿ ನಡುಮನೆಯಲ್ಲಿ, ಭಾವನ ಎದುರಿಗೇ, ಪಟಕ್ಕೆ ಮುಖ ಮಾಡಿ ಕೂತಳು. ಮೊದಲ ತುತ್ತು ಮುರಿದು ಪಟದ ಕಡೆ ನೋಡಿದಳು.

"ನೀನು ಬರದಿದ್ರೂ ಪರವಾಗಿಲ್ಲ ಕಣಪ್ಪ," ಅಂದಳು ಸ್ವಾಮಿಗೆ. "ನಾನು ಇರ್ಬೇಕು."

ತುತ್ತು ನುಂಗಿದಳು.