ಬಾಯಿಮಾತಿನ ಶೀಲ್ಡು

ಎಡಗಾಲು ಎಂದೇ ಯಾಕೆ ಹೇಳಿದೆ? ದಮ್ಮು ಸಾಲದು ಎಂದಿದ್ದರೂ ನಡೆಯುತ್ತಿತ್ತು, ತಲೆಯಿಂದ ಹೊಡೆಯಲು ಬರುವುದಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಆ ಹೊತ್ತಿಗೆ ಬಾಯಿಗೆ ಬಂದದ್ದು ಎಡಗಾಲು. ಇಲ್ಲ, ಇವನು ಮೊದಲಿನಿಂದಲೂ ಹೀಗೇ ಆಡುತ್ತಿದ್ದನೋ ಏನೋ. ಹಾಗಿದ್ದರೆ ನನ್ನದೇನೂ ತಪ್ಪಿಲ್ಲ. ಆದರೆ ಇವನು ಮೊದಲು ಹೇಗೆ ಆಡುತ್ತಿದ್ದನೆಂಬುದು ನನಗೆ ಹೇಗೆ ಗೊತ್ತಾಗಬೇಕು?

ಕೊಪ್ಪಳದ ಶಾಲೆಯ ಬಯಲಿನಲ್ಲಿ, ಸುಣ್ಣದ ಗೆರೆಯ ಆಚೆ ನಿಂತು ಉಮಾಪತಿ ಇದನ್ನೇ ಯೋಚಿಸುತ್ತಿದ್ದ. ಒಳಗೆ ಕುಷ್ಟಗಿಗೂ ಯಲಬುರ್ಗಾಕ್ಕೂ ಫುಟ್ಬಾಲ್ ಫೈನಲ್ ನಡೆದಿತ್ತು. ಯಲಬುರ್ಗಾದ ಸೆಂಟರ್ ಫಾರ್ವರ್ಡ್ ಮಾರೆಪ್ಪನ ಬಲಗಾಲಿಗೆ ಚೆಂಡು ಬಂದು ನಿಂತಿತ್ತು. ಎದುರಿಗೆ ಗೋಲು ಕಾಯುವ ಗೋಲಿ ಒಬ್ಬನೇ. ಮಾರೆಪ್ಪ ಹೊಡೆಯಲಿಲ್ಲ. ಚೆಂಡನ್ನು ಎಡಗಾಲಿಗೆ ಸರಿಸಿಕೊಂಡ. ಅಷ್ಟರೊಳಗೆ ಕುಷ್ಟಗಿಯವನೊಬ್ಬ ಅಡ್ಡ ಬಂದು ಚೆಂಡನ್ನು ಗೆರೆಯಾಚೆ ಒದ್ದ.

"ಅರೆ, ಇವನ ಬಲಗಾಲು ಬಾಡಿಗಿದೇನ್ರಿ?" ಎಂದ ಪಕ್ಕದಲ್ಲಿದ್ದ ಉಮರಸಾಬ. ಸ್ಟೇಶನ್ ಹತ್ತಿರ ಚಹಾದಂಗಡಿ ಇಟ್ಟವನು. ಇವತ್ತು ಅಂಗಡಿ ಮುಚ್ಚಿ ಬಂದಿದ್ದ. "ಬಿ.ಎ. ಸಾಹೇಬ್ರ, ನೀವರ ಹೇಳ್ರಿ. ಹಿಂಗ್ಯಾಕ ಮಾಡ್ತಾನ?"

ಉಮಾಪತಿ ಚಪ್ಪಲಿಯ ತುದಿಯಿಂದ ಸುಣ್ಣದ ಗೆರೆ ಕೆದಕಿದ. ಕೇಳದೆ ಇದ್ದರೂ ಉತ್ತರ ಕೊಡುವವನು ಅವನು.

ಹೈದರಾಬಾದಿನಲ್ಲಿ ಓದಿ ಬಂದು ತಂದೆಯ ಕಾಳಿನ ಅಂಗಡಿಯಲ್ಲಿ ಕೂತಿದ್ದ ಉಮಾಪತಿಗೆ ಕಾಲೇಜಿನಿಂದ ಉಳಿದದ್ದು ಫುಟ್ಬಾಲ್ ಒಂದೇ. ಆಡಿದವನಲ್ಲ, ನೋಡಿದವನು. ಸಂಜೆ ಉಮರಸಾಬನ ಅಂಗಡಿಗೆ ಉರ್ದು ಪತ್ರಿಕೆ ಬರುತ್ತಿತ್ತು, ಅದರಲ್ಲಿ ಆಟದ ಸುದ್ದಿ ಇರುತ್ತಿತ್ತು. ಹೈದರಾಬಾದಿನ ಗಿರಣಿಯೊಂದರ ತಂಡ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿತ್ತು. ಅದು ಗೆದ್ದ ದಿನ ಉಮಾಪತಿ ಗೆದ್ದ ರೀತಿ ಸರಿಯಿಲ್ಲವೆನ್ನುತ್ತಿದ್ದ. ಸೋತ ದಿನ, ನಡುವೆ ಆಡುವ ಇಬ್ಬರೂ ಮುದುಕರಾದರು, ಸಂಬಳ ಉಂಡು ಮೈ ಬೆಳೆಸ್ಯಾರ ಎನ್ನುತ್ತಿದ್ದ. ಜನ ಚಹಾ ಆರಿಹೋದರೂ ಕೇಳುತ್ತಿದ್ದರು.

ಆದರೆ ಅವನು ನಿಜವಾಗಿ ಸಿಟ್ಟಿಗೇಳುತ್ತಿದ್ದದ್ದು ನಾಲ್ಕು ತಾಲೂಕಿನ ಶಾಲೆಗಳ ಶೀಲ್ಡಿನ ವಿಷಯಕ್ಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಂಡಗಳು ಒಂದು ಕಡೆ ಸೇರುವುದು ಆಗುತ್ತಿರಲಿಲ್ಲ. ಮಳೆ ಬಿದ್ದರೆ ಎರೆಮಣ್ಣಿನ ದಾರಿ ನಿಲ್ಲುತ್ತಿತ್ತು. ಲಡಾಯಿ ಬಂದಮೇಲೆ ಪೆಟ್ರೋಲೂ ಇಲ್ಲ; ಇದ್ದಿಲ ಗ್ಯಾಸಿನ ಬಸ್ಸು ಒಂದು ದಿನ ಬಂದರೆ ಒಂದು ದಿನ ಇಲ್ಲ. ಅದಕ್ಕೇ ಯಾರು ಯಾರ ಜೊತೆ ಆಡಲಾದೀತೋ ಅವರ ಜೊತೆ ಆಡುವುದು, ಕೊನೆಗೆ ನಾಲ್ಕು ಶಾಲೆಯ ಡ್ರಿಲ್ ಮಾಸ್ತರುಗಳು ಕೊಪ್ಪಳದಲ್ಲಿ ಕೂತು ಯಾರು ಹೆಚ್ಚೆಂದು ಮಾತಾಡಿ ಶೀಲ್ಡು ಕೊಡುವುದು. ನಾಲ್ವರೂ ತಮ್ಮತಮ್ಮ ಊರಿಗೇ ಕೈ ಎತ್ತುತ್ತಿದ್ದರು. ಆದ್ದರಿಂದ ಐದನೆಯವನೊಬ್ಬ ಬೇಕಾಗುತ್ತಿತ್ತು.

"ಶೀಲ್ಡು ಕಾಲಿಲೆ ಗೆಲ್ಲಬೇಕ್ರಿ, ಬಾಯಿಲೆ ಅಲ್ಲ," ಎಂದು ಉಮಾಪತಿ ಕೂಗಾಡುತ್ತಿದ್ದ. "ಒಂದು ಫೈನಲ್ ಆಡಸ್ರಿ. ಯಾರು ಬ್ಯಾಡಂತಾರ?"

ಇಷ್ಟು ಮಾತಾಡುವವನನ್ನು ಹೊರಗಿಡುವುದು ಹೇಗೆ? ಹೋದ ವರ್ಷ, ನಲವತ್ತಮೂರರಲ್ಲಿ, ಅವನನ್ನೇ ಐದನೆಯವನನ್ನಾಗಿ ಮಾಡಿದರು. ಕಣ್ಣಿಲೆ ನೋಡದೆ ತಾನು ಮಾತಾಡುವವನಲ್ಲ ಎಂದು ಉಮಾಪತಿ ಚಹಾದಂಗಡಿಯಲ್ಲಿ ಸಾರಿದ. ಕೊಪ್ಪಳದಲ್ಲಿ ಕುಷ್ಟಗಿಯ ಆಟ ನೋಡಿದ. ಯಲಬುರ್ಗಾದ ಆಟ ನೋಡಲು ಬಸ್ಸು ಹತ್ತಿದ. ಕುಕನೂರಿನಲ್ಲಿ ಬಸ್ಸು ಕೆಟ್ಟಿತು. ಚಕ್ಕಡಿಗಳು ಹೋಗುತ್ತಿದ್ದವು, ನಡೆದವರೂ ಇದ್ದರು. ಬಿಸಿಲಿತ್ತು, ಹೊಸ ಚಪ್ಪಲಿ ಕಚ್ಚುತ್ತಿತ್ತು. ಬೇವಿನ ಮರದ ಕೆಳಗೆ ಕೂತ. ಬಸ್ಸು ರಿಪೇರಿಯಾಗಿ ಕೊಪ್ಪಳದ ಕಡೆಗೇ ತಿರುಗಿದಾಗ ಅದರಲ್ಲೇ ಹತ್ತಿ ಮನೆಗೆ ಬಂದ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆ ಯಲಬುರ್ಗಾಕ್ಕೆ ಎಂದ. ಅದು ಅರ್ಧ ನಿಜವೇ ಅನ್ನಿಸಿತ್ತು ಆಗ.

ಸಭೆಯಲ್ಲಿ ಅವನು ಕುಷ್ಟಗಿ ಎಂದ. ಯಲಬುರ್ಗಾದ ಡ್ರಿಲ್ ಮಾಸ್ತರ ಓಬಳೆಪ್ಪ ಒಪ್ಪಲಿಲ್ಲ.

"ನಮ್ಮ ಮಾರೆಪ್ಪ ಅವತ್ತ ಮೂರು ಗೋಲು ಹೊಡದಾನ್ರಿ. ನೀವು ಎಲ್ಲಿ ನಿಂತಿದ್ರಿ? ನನ್ನ ಕಣ್ಣಿಗೆ ಬೀಳಲಿಲ್ಲ."

"ಆ ಕಡಿ, ಗುಂಪಿನಾಗ," ಎಂದ ಉಮಾಪತಿ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. "ಮೂರು ಗೋಲು ಖರೆ. ಆದ್ರ ಮಾಸ್ತರ, ಅವಗ ಎಡಗಾಲೇ ಇಲ್ಲ. ದೊಡ್ಡ ಆಟದಾಗ ಅಂಥವ ನಡೆಯಂಗಿಲ್ಲ."

ಮಾಸ್ತರ ಎತ್ತಿದ್ದ ಕೈ ಇಳಿಸಿದ. ಶೀಲ್ಡು ಕುಷ್ಟಗಿಗೆ ಹೋಯಿತು.

ಕೆಲವು ದಿನಗಳ ಮೇಲೆ ಮಾರೆಪ್ಪ ಚಹಾದಂಗಡಿಗೆ ಬಂದಿದ್ದ. ಹತ್ತೊಂಬತ್ತರ ಪ್ರಾಯ, ಉದ್ದ ಕಾಲು, ಮೊಣಕಾಲಿನವರೆಗೆ ಧೂಳು. ತಾಯಿ ಹೊಳಿಯಮ್ಮನ ಜೊತೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತ, ಶಾಲೆಗೂ ಬಂದುಹೋಗುತ್ತಿದ್ದವನು. ಒಳಗೆ ಬಂದು ಕೂಡಲಿಲ್ಲ, ಬಾಗಿಲಲ್ಲೇ ನಿಂತ.

"ಸಾಹೇಬ್ರ, ಮಾಸ್ತರ ಹೇಳಿದ್ರು. ನನ್ನ ಎಡಗಾಲು ಸರಿಯಿಲ್ಲಂತ ನೀವು ನೋಡೀರಂತ."

ಉಮಾಪತಿಯ ಎದುರು ಆರೇಳು ಮಂದಿ ಕೂತಿದ್ದರು. "ಹೌದಪ್ಪ," ಎಂದ.

"ನನಗ ತಿಳಿದೇ ಇರಲಿಲ್ಲ ನೋಡ್ರಿ. ನೀವು ಕಲಿತೋರು, ದೊಡ್ಡ ಆಟ ನೋಡಿದೋರು. ಏನು ಮಾಡಲ್ರಿ?"

"ಎಡಗಾಲಿಲೆ ಆಡು. ಅದಕ್ಕ ರೂಢಿ ಮಾಡು."

ಮಾರೆಪ್ಪ ಕೈಮುಗಿದು ಹೋದ. "ಭೇಷ್ ಹೇಳಿದ್ರಿ," ಎಂದಿದ್ದ ಉಮರಸಾಬ.

ಈ ವರ್ಷ ಉಮಾಪತಿಯ ಕೂಗಾಟ ಫಲಿಸಿತ್ತು. ಮಾಸ್ತರುಗಳು ಫೈನಲ್‌ಗೆ ಒಪ್ಪಿದ್ದರು. ಯಲಬುರ್ಗಾದವರು ಎರಡು ಚಕ್ಕಡಿಯಲ್ಲಿ ರಾತ್ರಿಯೆಲ್ಲ ಬಂದಿದ್ದರು. ಹೈದರಾಬಾದಿನ ಗಿರಣಿಯಿಂದಲೂ ಒಬ್ಬ ಬಂದಿದ್ದ. ತುರ್ಕಿ ಟೋಪಿ ಹಾಕಿ ಗೆರೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಇವತ್ತಿನ ಆಟದಲ್ಲಿ ಕಣ್ಣಿಗೆ ಬಿದ್ದವನೊಬ್ಬನನ್ನು ಕರೆದುಕೊಂಡು ಹೋಗುತ್ತಾನೆ, ಆಟದ ಜೊತೆಗೆ ಗಿರಣಿಯಲ್ಲಿ ಕಾಯಂ ನೌಕರಿ ಎಂದು ಊರೆಲ್ಲ ಸುದ್ದಿಯಾಗಿತ್ತು.

ಮೊದಲ ಗೋಲು ಕುಷ್ಟಗಿಯದು. ಆಮೇಲೆ ಮೂಲೆಯಿಂದ ಬಂದ ಚೆಂಡು ಯಾರದೋ ಭುಜಕ್ಕೆ ತಾಗಿ ಇದ್ದಕ್ಕಿದ್ದಂತೆ ಮಾರೆಪ್ಪನ ಮುಂದೆ ಬಿತ್ತು. ಯೋಚಿಸಲು ಸಮಯವಿರಲಿಲ್ಲ. ಬಲಗಾಲು ತಾನಾಗಿ ಎದ್ದಿತು. ಚೆಂಡು ಹೋದದ್ದನ್ನು ಗೋಲಿ ನೋಡಲೇ ಇಲ್ಲ. ಬಯಲೆಲ್ಲ ಎದ್ದು ಕೂಗಿತು. ಹೈದರಾಬಾದಿನಲ್ಲೂ ಅಂಥ ಹೊಡೆತ ಉಮಾಪತಿ ನೋಡಿರಲಿಲ್ಲ.

ಮಾರೆಪ್ಪ ಮಾತ್ರ ಕುಣಿಯಲಿಲ್ಲ. ತಿರುಗಿ ಗೆರೆಯ ಕಡೆ, ಉಮಾಪತಿಯ ಕಡೆ ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ.

ಉಮಾಪತಿ ಕುರ್ಚಿಯಲ್ಲಿದ್ದವನ ಕಡೆ ನೋಡಿದ. ಅಂಗಿಯ ಗುಂಡಿ ಬಿಚ್ಚಿಕೊಂಡ.

ಹಾಫ್ ಟೈಮಿನಲ್ಲಿ ಆಟಗಾರರು ಕೊಡದ ಸುತ್ತ ನಿಂತು ನೀರು ಕುಡಿಯುತ್ತಿದ್ದಾಗ ಮಾರೆಪ್ಪ ನೇರವಾಗಿ ಅವನ ಹತ್ತಿರ ಬಂದ. ಹಿಂದೆಯೇ ಓಬಳೆಪ್ಪ ಮಾಸ್ತರ.

"ಸಾಹೇಬ್ರ, ಆ ಗೋಲು ತಪ್ಪಾತ್ರಿ. ಅವಸರದಾಗ ಬಲಗಾಲು ಬಂತು."

"ಗೋಲು ಗೋಲೇ ಅಲ್ಲೇನೋ!" ಎಂದು ಉಮರಸಾಬ ನಕ್ಕ.

"ನಿಮಗ ಗೊತ್ತಿಲ್ಲ ಸಾಬ್ರ," ಎಂದ ಓಬಳೆಪ್ಪ. "ಇವರು ಹೇಳಿದ ದಿನದಿಂದ ಬಲಗಾಲಿಗೆ ಅರಿವಿ ಸುತ್ತಿಗೊಂಡು ಆಡ್ಯಾನ್ರಿ, ಎಡಗಾಲಿಗೆ ರೂಢಿ ಆಗಲಂತ. ಅವರವ್ವ ಬಡಕೊಂತಾಳ, ಮಗಗ ಹುಚ್ಚು ಹಿಡದೈತಿ ಅಂತ. ಈಗ ಹೇಳ್ರಿ ಉಮಾಪತೆಪ್ಪಾರ. ಆ ಟೋಪಿಯವ ನೋಡಾಕತ್ಯಾನ. ಹುಡುಗನ ಬಾಳೇವು ಐತಿ ಇದರಾಗ. ಯಾವ ಕಾಲಿಲೆ ಹೊಡೀಲಿ?"

ಬಲಗಾಲಿಲೆ. ಒಂದೇ ಮಾತು. ಉಮಾಪತಿ ಹೇಳಬೇಕಾದದ್ದು ಅಷ್ಟೇ. ಹೇಳಿದರೆ ಮಾಸ್ತರ ಕೇಳುತ್ತಿದ್ದ: ಹಂಗಾರ ಹೋದ ವರ್ಷ ಏನು ನೋಡಿದ್ರಿ? ಎಲ್ಲಿ ನಿಂತಿದ್ರಿ? ಉಮರಸಾಬ ಕೇಳಿಸಿಕೊಳ್ಳುತ್ತಿದ್ದ. ನಾಳೆ ಚಹಾದಂಗಡಿಯೆಲ್ಲ ಕೇಳಿಸಿಕೊಳ್ಳುತ್ತಿತ್ತು.

ಮಾರೆಪ್ಪ ಕಾಯುತ್ತ ನಿಂತಿದ್ದ. ಅವನ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎರಡೂ ಕಾಲು ಬೇಕಪ್ಪ," ಎಂದ ಉಮಾಪತಿ. "ಹೊತ್ತು ನೋಡಿ ಹೊಡಿ."

"ಹೊತ್ತು ನೋಡಿ," ಎಂದು ಮಾರೆಪ್ಪ ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಏನೋ ಇದೆ ಎಂಬಂತೆ ತಲೆಯಾಡಿಸುತ್ತ ಒಳಗೆ ಓಡಿದ.

ಆಮೇಲೆ ಅವನು ಪ್ರತಿ ಸಲವೂ ಹೊತ್ತು ನೋಡಿದ. ಚೆಂಡು ಬಂದಾಗ ಒಮ್ಮೆ ಕಾಲನ್ನು ನೋಡುತ್ತಿದ್ದ, ಒಮ್ಮೆ ಗೋಲನ್ನು, ಒಮ್ಮೆ ಗೆರೆಯ ಕಡೆಗೆ. ಅಷ್ಟರಲ್ಲಿ ಚೆಂಡು ಇರುತ್ತಿರಲಿಲ್ಲ. "ಮಲಕ್ಕೊಂಡ್ಯೇನಲೇ!" ಎಂದು ಜನ ಕೂಗಿದರು. ಯಲಬುರ್ಗಾದವರೇ ಬೈದರು. ಕುರ್ಚಿಯಲ್ಲಿದ್ದವನು ಬೇರೆ ಕಡೆ ನೋಡತೊಡಗಿದ. ಕೊನೆಯ ಹೊತ್ತಿಗೆ ಕುಷ್ಟಗಿಯ ಅಂದಪ್ಪ ಎಂಬವನು ಇನ್ನೊಂದು ಗೋಲು ಹೊಡೆದ. ಆಟ ಮುಗಿದಮೇಲೆ ತುರ್ಕಿ ಟೋಪಿಯವನು ಅಂದಪ್ಪನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ.

"ನೋಡ್ರಿ, ನೀವು ಹೋದ ವರ್ಷ ಹೇಳಿದ್ದೇ ಖರೆ ಆತು," ಎಂದ ಉಮರಸಾಬ. ಅವನ ದನಿಯಲ್ಲಿ ಮೆಚ್ಚುಗೆಯಿತ್ತು. "ದೊಡ್ಡ ಆಟದಾಗ ನಡೆಯಂಗಿಲ್ಲ ಅಂದಿದ್ರಿ. ಬರ್ರಿ, ಅಂಗಡಿ ತಗೀತೀನಿ. ಚಹಾ ನಂದು."

ಉಮಾಪತಿ ಚಕ್ಕಡಿಗಳ ಕಡೆಗೆ ಹೋದ. ಯಾಕೆ ಹೋದನೋ ಅವನಿಗೇ ತಿಳಿಯಲಿಲ್ಲ. ಎತ್ತುಗಳನ್ನು ಕಟ್ಟುತ್ತಿದ್ದರು. ಹಿಂದಿನ ಚಕ್ಕಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮಾರೆಪ್ಪ ಅವನನ್ನು ಕಂಡು ಕೆಳಗೆ ಜಿಗಿದ.

"ನಾನು ಹೊತ್ತು ನೋಡಲಿಕ್ಕೆ ಕಲೀಲಿಲ್ಲ ಸಾಹೇಬ್ರ," ಎಂದ. "ನಿಮ್ಮ ಮಾತು ಕೆಡಿಸಿಬಿಟ್ಟೆ."

"ಹಂಗೇನಿಲ್ಲ," ಎಂದ ಉಮಾಪತಿ.

"ಎಡಗಾಲು ಸ್ವಲ್ಪರ ಸುಧಾರಿಸೈತೇನ್ರಿ? ಹೋದ ವರ್ಷ ನೀವು ನೋಡಿದ್ದಕ್ಕೂ ಇವತ್ತಿಗೂ?"

ಚಕ್ಕಡಿ ಹೊಡೆಯುವವನು ಎತ್ತಿನ ಹಗ್ಗ ಹಿಡಿದು ಕಾಯುತ್ತಿದ್ದ. ಓಬಳೆಪ್ಪ ಮಾಸ್ತರ ಆಗಲೇ ಮುಂದಿನ ಚಕ್ಕಡಿಯಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದ. ಉಮರಸಾಬ ದೂರವಿದ್ದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಸುಧಾರಿಸೈತಿ," ಎಂದ ಉಮಾಪತಿ. "ಭಾಳ ಸುಧಾರಿಸೈತಿ."

ಮಾರೆಪ್ಪನ ಮುಖ ಅರಳಿತು. ಚಕ್ಕಡಿ ಹತ್ತಿ ಕೂತು, ಅರಿವೆಯ ತುಂಡೊಂದನ್ನು ತೆಗೆದು ಬಲಗಾಲಿಗೆ ಸುತ್ತಿಕೊಳ್ಳತೊಡಗಿದ. ಚಕ್ಕಡಿಗಳು ಕುಕನೂರಿನ ದಾರಿ ಹಿಡಿದವು.

ಆ ದಾರಿಯಲ್ಲಿ ತಾನು ಕುಕನೂರಿನಿಂದ ಮುಂದಕ್ಕೆ ಹೋಗಿರಲೇ ಇಲ್ಲವೆಂದು, ಅವನ ಆಟವನ್ನು ಇವತ್ತಿಗಿಂತ ಮೊದಲು ನೋಡಿರಲೇ ಇಲ್ಲವೆಂದು ಉಮಾಪತಿ ಮಾರೆಪ್ಪನಿಗೆ ಹೇಳಲಿಲ್ಲ.